ಕುಡಿಯದವನ ಕಾಯಿಲೆ

ನಾನು ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಬೆಂಗಳೂರಿನ ಅಂಚಿನ ನಮ್ಮೂರು ಸಿಂಗಾಪುರದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಕೇಳದವರಿಗೂ ನಾನೇ ಹೇಳುತ್ತಿದ್ದೆ. ಅಪ್ಪನ ಹೊಲದಲ್ಲಿ ಮನೆ ಕಟ್ಟಿ ಮಾರುವುದು ನನ್ನ ಕಸುಬು. ಸೋಮವಾರ ಬೆಳಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಕುಡಿತದ ಕೇಡಿನ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಒಂದು ದಿನ ಮೇಸ್ತ್ರಿ ಮುನಿಗಂಗಪ್ಪನ ಬಾಯಿ ಮೂಸಿ ನೋಡಿ, ಎಲ್ಲರೆದುರೇ ಕೆಲಸದಿಂದ ತೆಗೆದಿದ್ದೆ.

೨೦೧೬ರ ಯುಗಾದಿಯ ದಿನ ಐದನೆಯ ಹೋಳಿಗೆ ಮುಗಿಸಿ ಏಳುವಷ್ಟರಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿನವರೆಗೆ ಇರಿಯಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು.

"ದಿನಕ್ಕೆ ಎಷ್ಟ್ ತಗೋತೀರಾ?" ಎಂದು ಡಾಕ್ಟರ್ ನಯನಾ ಕೇಳಿದರು.

"ಎರಡು ಲೋಟ. ಕಾಫಿ."

ಅವರು ನಗಲಿಲ್ಲ. ಪಿತ್ತಕೋಶದ ಕಲ್ಲೊಂದು ಜಾರಿ ಆ ಗ್ರಂಥಿಯ ನಾಳಕ್ಕೆ ಅಡ್ಡ ಕೂತಿತ್ತೆಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ಹೊಟ್ಟೆಯಲ್ಲಿ ಕಲ್ಲಿದೆ ಎಂದಾಗ ನನ್ನಷ್ಟು ಸಂತೋಷಪಟ್ಟ ರೋಗಿ ಇರಲಿಕ್ಕಿಲ್ಲ. ಆದರೆ ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಅಪ್ಪ ಪಿಳ್ಳಪ್ಪನವರೇ ಮಂಚದ ಪಕ್ಕ ಬಗ್ಗಿ, "ಕುಡಿಯೋರ್ಗೇ ಬರೋ ಕಾಯ್ಲೆ ಅಂತಲ್ಲಾ ಇದು. ನಿಜ ಏಳು, ಯಾವಾಗಿಂದ?" ಎಂದರು.

ಮನೆಗೆ ಬಂದ ಎರಡು ವಾರಕ್ಕೆ ಹೊಟ್ಟೆ ಮತ್ತೆ ಉಬ್ಬಿತು. ಮೂರು ತುತ್ತಿಗೇ ವಾಂತಿ. ಗ್ಯಾಸ್ ಎಂದು ನಾನು ವಾದಿಸಿದರೂ ಹೆಂಡತಿ ಧನಲಕ್ಷ್ಮಿ ಆಸ್ಪತ್ರೆಗೆ ಎಳೆದೊಯ್ದಳು. ಗ್ರಂಥಿಯಿಂದ ಸೋರಿದ ದ್ರವ ಜಠರದ ಹಿಂದೆ ತೆಂಗಿನಕಾಯಿ ಗಾತ್ರಕ್ಕೆ ಶೇಖರವಾಗಿತ್ತು.

"ಇವತ್ತೇ ತೆಗೆದ್ಬಿಡಿ ಮೇಡಂ," ಎಂದೆ.

"ಈಗ್ಲೇ ಚುಚ್ಚಿದ್ರೆ ಹೊಟ್ಟೆ ತುಂಬ ಸೋರುತ್ತೆ. ಅದರ ಸುತ್ತ ಗೋಡೆ ಗಟ್ಟಿಯಾಗ್ಬೇಕು. ಇನ್ನೂ ನಾಲ್ಕು ವಾರ. ಜ್ವರ ಬಂದ್ರೆ ಮಾತ್ರ ತಕ್ಷಣ ಬನ್ನಿ."

ಕಟ್ಟಿದ ಗೋಡೆಗೆ ಮೂರೇ ದಿನ ನೀರು ಹಾಕಿಸಿ ಕೈತೊಳೆದುಕೊಳ್ಳುತ್ತಿದ್ದ ನನಗೆ ನಾಲ್ಕು ವಾರವೆಂದರೆ ಅಪಮಾನ. ಆಡಳಿತ ಮಂಡಳಿಯಲ್ಲಿ ನಮ್ಮವರಿದ್ದಾರೆ, ಫೋನ್ ಮಾಡಿಸಲೇ ಎಂದೆ.

"ಮಾಡ್ಸಿ. ಆ ಗೋಡೆಗೂ ಒಂದ್ ಮಾತು ಹೇಳ್ಸಿ," ಎಂದರು ಡಾಕ್ಟರು.

ಎರಡನೆಯ ವಾರ ಮುನಿಗಂಗಪ್ಪ ಎಳನೀರು ಹಿಡಿದು ಮನೆಗೆ ಬಂದ. ನಾನು ಅವನ ಮುಖ ನೋಡಿ ಎರಡು ವರ್ಷವಾಗಿತ್ತು. ಹತ್ತಿರ ಕೂತು ದನಿ ತಗ್ಗಿಸಿದ. "ನಾನು ಬಿಟ್ಟು ಅದ್ನಾಲ್ಕು ತಿಂಗ್ಳಾಯ್ತು ಸಾರ್. ನಿಮ್ ಕೈಲೂ ಆಯ್ತದೆ."

"ನಂದು ಕಲ್ಲಿಂದ ಬಂದಿದ್ದು ಕಣಪ್ಪ."

"ಗೊತ್ತು ಸಾರ್. ನಾನೂ ಮೊದ್ಲು ಗ್ಯಾಸ್ಟ್ರಿಕ್ ಅಂತಿದ್ದೆ."

ರಿಪೋರ್ಟ್ ತೋರಿಸಿದೆ. ಇಂಗ್ಲಿಷಿನಲ್ಲಿತ್ತು. ಅವನು ಅದನ್ನು ಮಡಿಸಿ, ಸತ್ತವರ ಫೋಟೋ ಇಡುವಷ್ಟು ಜೋಪಾನವಾಗಿ ದಿಂಬಿನ ಪಕ್ಕ ಇಟ್ಟ.

"ನಾನು ನಿನ್ನ ಕೆಲಸದಿಂದ ತೆಗ್ದವನು. ಯಾಕ್ ಬಂದೆ?"

"ನಾನು ಕುಡ್ತ ಬಿಡೋವಾಗ ನನ್ನ ನೋಡಕ್ಕೆ ಯಾರೂ ಬರ್ಲಿಲ್ಲ ಸಾರ್. ಅದ್ಕೇ."

ಸೋಮವಾರದ ಭಾಷಣವನ್ನೆಲ್ಲ ಬಿಟ್ಟು, ಅವತ್ತು ಬಾಯಿ ಮೂಸಿದ್ದು ತಪ್ಪಾಯಿತು ಎಂದೆ.

"ಅವತ್ತು ನಾನು ಕುಡ್ದಿದ್ದಂತೂ ನಿಜ ಬಿಡಿ," ಎಂದ.

ಆಮೇಲೆ ದಿನವೂ ಸಂಜೆ ಬಂದು ಕೂರುತ್ತಿದ್ದ. ಕುಡಿಯುವವರಿಗೆ ಆ ಹೊತ್ತೇ ಕಷ್ಟವಂತೆ. ನನಗೂ ಆ ಹೊತ್ತಿನಲ್ಲೇ ಸಾವಿನ ಭಯ ಹುಟ್ಟುತ್ತಿತ್ತು. ಹಾಗಾಗಿ ಅವನಿಗೆ ಬರಬೇಡ ಎನ್ನಲಿಲ್ಲ. ಸುಳ್ಳು ಆರೋಪದ ಮೇಲೆ ಸಿಕ್ಕ ಸಾಂತ್ವನವನ್ನು ನಾಚಿಕೆಯಿಲ್ಲದೆ ಅನುಭವಿಸಿದೆ.

ಗೋಡೆ ಗಟ್ಟಿಯಾಯಿತು. ಬಾಯಿಂದ ಜಠರಕ್ಕೆ ಕೊಳವೆ ಇಳಿಸಿ, ಜಠರದ ಹಿಂಬದಿಗೆ ತೂತು ಕೊರೆದು, ದ್ರವ ಜಠರಕ್ಕೇ ಹರಿಯುವಂತೆ ಪುಟ್ಟ ನಳಿಗೆ ಕೂರಿಸುತ್ತೇವೆ ಎಂದರು. ಒಪ್ಪಿಗೆ ಪತ್ರದಲ್ಲಿ ನನ್ನ ಸಹಿ ಎರಡು ಸಲ ತಪ್ಪಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಮುನಿಗಂಗಪ್ಪ ನನ್ನ ಕೈ ಹಿಡಿದು, "ಒಳಗೆ ಡಾಕ್ಟರಮ್ಮಂಗೆ ಎಲ್ಲಾ ನಿಜ ಏಳ್ಬಿಡಿ," ಎಂದ. "ಆಯ್ತಪ್ಪ," ಎಂದೆ.

ಎಚ್ಚರವಾದಾಗ ಹೊಟ್ಟೆ ಹಗುರವಾಗಿತ್ತು. ಎರಡು ದಿನ ಕಳೆದ ಮೇಲೆ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದೆ. ಧನಲಕ್ಷ್ಮಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತಿಂಗಳ ನಂತರ ನಳಿಗೆ ತೆಗೆದರು. ಆಮೇಲೆ ಪಿತ್ತಕೋಶವನ್ನೂ ತೆಗೆದು, ಕಲ್ಲುಗಳನ್ನು ಒಂದು ಸೀಸೆಯಲ್ಲಿ ಹಾಕಿಕೊಟ್ಟರು. ಸಾಕ್ಷಿ ಸಿಕ್ಕಿತೆಂದು ಓಡಿಹೋಗಿ ಅಪ್ಪನಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಾಟ್ಲಿ ಸಹವಾಸ ಮಾತ್ರ ಬಿಡ್ಲಿಲ್ಲ ನೀನು," ಎಂದರು.

ಮುನಿಗಂಗಪ್ಪನನ್ನು ಮತ್ತೆ ಕೆಲಸಕ್ಕೆ ಕರೆದೆ. ನಾಗಸಂದ್ರದಲ್ಲಿ ಒಳ್ಳೆಯ ಮಾಲೀಕರು ಸಿಕ್ಕಿದ್ದಾರೆ, ಬರಲಾರೆ ಎಂದ. ಆದರೆ ಭಾನುವಾರಗಳಂದು ತಪ್ಪದೆ ಬಂದು, "ಬಿಟ್ಟು ಎಷ್ಟ್ ತಿಂಗ್ಳಾಯ್ತು ಸಾರ್?" ಎಂದು ಕೇಳುತ್ತಾನೆ.

"ಈಗ ಏಳು ತಿಂಗಳು," ಎನ್ನುತ್ತೇನೆ. ಅವನ ಮುಖ ಅರಳುತ್ತದೆ.