ಪರದೆಯ ಅಂಚಿನಷ್ಟು ಉದ್ದದ ಹಾಡು

ನಮ್ಮ ಅತ್ತಿಗೆ ಮದುವೆಯಾಗಿ ಬಂದಾಗ ಜೊತೆಗೆ ತಂದದ್ದು ಒಂದು ಹೊಲಿಗೆ ಯಂತ್ರ, ಒಂದು ಹಳೇ ರೆಕಾರ್ಡ್ ಪ್ಲೇಯರ್ ಮತ್ತು ಯಾರಿಗೂ ಎದುರಾಡದ ಸ್ವಭಾವ. ಮೊದಲಿನ ಎರಡು ಮನೆಗೆ ಬಹಳ ಉಪಯೋಗಕ್ಕೆ ಬಂದವು. ಮೂರನೆಯದನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಹೋಟೆಲುಗಳಿಗೆ, ಸಭಾಂಗಣಗಳಿಗೆ ಪರದೆ ಹೊಲಿದುಕೊಡುತ್ತಾರೆ. ಸೂರಿನಿಂದ ನೆಲದವರೆಗೆ ಇಳಿಬೀಳುವ ಉದ್ದುದ್ದ ಪರದೆಗಳು. ಅದರಲ್ಲಿ ಕಷ್ಟ ಇರುವುದೆಲ್ಲ ಅಂಚಿನಲ್ಲಿ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದದಲ್ಲಿ ತುಳಿಯಬೇಕು. ನಡುವೆ ಕಾಲು ಅವಸರ ಮಾಡಿದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಎಷ್ಟು ಇಸ್ತ್ರಿ ಉಜ್ಜಿದರೂ ಹೋಗುವುದಿಲ್ಲ. ಅದಕ್ಕೇ ಅತ್ತಿಗೆ ಹಾಡು ಹಾಕಿಕೊಂಡು ಕೂರುತ್ತಿದ್ದರು. ಅದರಲ್ಲೂ ಒಂದೇ ಒಂದು ಹಾಡು. ಗುಜರಿಯಲ್ಲಿ ಸಿಕ್ಕಿದ ರೆಕಾರ್ಡು, ನಡುವಿನ ಚೀಟಿ ಕಿತ್ತುಹೋಗಿದೆ, ಹಾಡಿದವರು ಯಾರೆಂದು ದೇವರಿಗೇ ಗೊತ್ತು. ತುಂಬಿದ ದನಿಯ ಯಾರೋ ಹಿರಿಯರು, ಒಂದೊಂದು ಮಾತನ್ನೂ ಯೋಚಿಸಿ ಯೋಚಿಸಿ ಬಿಡುತ್ತಿದ್ದರು. ಅತ್ತಿಗೆ ಅವರಿಗೆ ‘ದೊಡ್ಡಪ್ಪ’ ಎಂದು ಹೆಸರಿಟ್ಟಿದ್ದರು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟು ತುಳಿಯಲು ಶುರು ಮಾಡಿದರೆ, ಹಾಡು ಮುಗಿಯುವುದಕ್ಕೂ ಒಂದು ಅಂಚು ಮುಗಿಯುವುದಕ್ಕೂ ಸರಿಹೋಗುತ್ತಿತ್ತು.

“ದೊಡ್ಡಪ್ಪ ಮುಗಿಸಿದ್ರು, ಏಳು, ಊಟ ಮಾಡೋಣ” ಎಂದು ದಾರ ಕತ್ತರಿಸುತ್ತಿದ್ದರು.

ನಮ್ಮ ಬೀದಿಯ ಕನ್ನಡಕದಂಗಡಿಯ ಯಜಮಾನರ ಮನೆಯಲ್ಲಿ ಶನಿವಾರ ಸಂಜೆ ಹಾಡಿನ ಹುಚ್ಚಿನವರು ಸೇರುತ್ತೇವೆ. ಯಜಮಾನರು, ಬಸ್ಸು ಓಡಿಸುವ ಡ್ರೈವರ್ ಮಾವ, ನರ್ಸಕ್ಕ, ನಾನು. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ನಾನು ದಿನವಿಡೀ ಡ್ರಿಲ್ಲಿನ ಸದ್ದು ಕೇಳಿ, ವಾರಕ್ಕೊಮ್ಮೆ ಕಿವಿ ತೊಳೆದುಕೊಳ್ಳಲು ಅಲ್ಲಿಗೆ ಹೋಗುತ್ತೇನೆ. ಅಲ್ಲಿನ ಕಟ್ಟಳೆ ಒಂದೇ: ಈಗ ಮನೆಯಲ್ಲಿ ನಿಜವಾಗಿ ಏನು ಕೇಳುತ್ತಿದ್ದೀರೋ ಅದನ್ನೇ ತರಬೇಕು. ನಾಲ್ಕು ಜನ ಮೆಚ್ಚಲಿ ಎಂದು ಹುಡುಕಿ ತರುವಂತಿಲ್ಲ.

ಬಹಳ ಒತ್ತಾಯ ಮಾಡಿ ಒಂದು ಶನಿವಾರ ಅತ್ತಿಗೆಯನ್ನು ಕರೆದುಕೊಂಡು ಹೋದೆ. ರೆಕಾರ್ಡನ್ನು ಪರದೆಯ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದಿದ್ದರು. ಮಾತೇ ಆಡದ ಅತ್ತಿಗೆ ಅವತ್ತು ದೊಡ್ಡಪ್ಪನ ವಿಷಯ ಬಾಯಿ ತುಂಬ ಹೇಳಿದರು. ಅವರಿಗೆ ಅವಸರವೇ ಇಲ್ಲ, ಮನೆಯ ಹಿರಿಯರು ಜಗುಲಿಯಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾರೆ ಎಂದರು. ಯಜಮಾನರು ರೆಕಾರ್ಡನ್ನು ಮೆತ್ತಗೆ ಒರೆಸಿ, ತಮ್ಮ ಹೊಳೆಯುವ ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದರು.

ಹಾಡಿದ್ದು ಒಬ್ಬಳು ಹುಡುಗಿ. ಬಸ್ಸಿಗೆ ಓಡುವವಳ ಹಾಗೆ ಅವಸರದಲ್ಲಿ, ತೆಳ್ಳಗಿನ ದನಿಯಲ್ಲಿ ಅದೇ ಹಾಡನ್ನು ಹಾಡುತ್ತಿದ್ದಳು.

ಡ್ರೈವರ್ ಮಾವನಿಗೆ ಚಹಾ ನೆತ್ತಿಗೇರಿತು. ನರ್ಸಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. “ನಿಮ್ಮ ದೊಡ್ಡಪ್ಪನಿಗೆ ಇನ್ನೂ ಮದುವೆ ವಯಸ್ಸೇ ಆಗಿಲ್ಲ ಕಣಮ್ಮಾ” ಎಂದರು ಯಜಮಾನರು. ಆಮೇಲೆ ಕಣ್ಣೊರೆಸಿಕೊಂಡು, “ನಿಮ್ಮ ಮಷೀನು ಮುದಿಯಾಗಿದೆ, ನಿಧಾನಕ್ಕೆ ತಿರುಗುತ್ತೆ, ಅದಕ್ಕೇ ದನಿ ಇಳಿದಿದೆ. ಇಷ್ಟು ವರ್ಷ ನೀವು ಕೇಳಿದ್ದು ತಪ್ಪು ಹಾಡು” ಎಂದು ವಿವರಿಸಿದರು.

ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ಅತ್ತಿಗೆಯೂ ನಕ್ಕರು. ಆದರೆ ಅವರ ಕಿವಿ ಕೆಂಪಾಗಿದ್ದು ನನಗೆ ಕಂಡಿತು.

ನಮ್ಮಣ್ಣನ ಕೆಲಸ ಲಿಫ್ಟ್ ರಿಪೇರಿ. ಸಂಗೀತದ ಗಂಧಗಾಳಿ ಇಲ್ಲ. ಮನೆಯಲ್ಲಿ ದೊಡ್ಡಪ್ಪ ಹಾಡಿದರೂ ಒಂದೇ, ನಲ್ಲಿ ಸೋರಿದರೂ ಒಂದೇ. ಆದರೆ ನಿಧಾನವಾಗಿ ಓಡುವ ಯಂತ್ರ ಇದೆ ಎಂದು ಗೊತ್ತಾದರೆ ಅವನ ಕೈ ಸುಮ್ಮನಿರುವುದಿಲ್ಲ. ಹೆಂಡತಿಯ ಮುಖ ಬಾಡಿದ್ದನ್ನು ನೋಡಿ, ಮರುದಿನ ಬೆಳಿಗ್ಗೆಯೇ ಪ್ಲೇಯರನ್ನು ಬಿಚ್ಚಿದ. ಒಣಗಿದ ಮೋಟರಿಗೆ ಎಣ್ಣೆ ಬಿಟ್ಟ, ಸಡಿಲವಾಗಿದ್ದ ಬೆಲ್ಟು ಕಿತ್ತು ಹೊಸದು ಹಾಕಿದ.

“ಇನ್ನು ಯಾರೂ ನಗೋ ಹಾಗಿಲ್ಲ. ಹಾಕಿ ನೋಡು” ಎಂದ. ಅವನ ಮುಖದಲ್ಲಿ ಅಷ್ಟು ಪ್ರೀತಿ ಇತ್ತು, ಬೈಯಲು ಬಾಯಿ ಬರಲಿಲ್ಲ.

ಅತ್ತಿಗೆ ಮುಳ್ಳು ಇಟ್ಟು ತುಳಿಯತೊಡಗಿದರು. ಹುಡುಗಿ ಓಡಿದಳು. ಅತ್ತಿಗೆಯ ಕಾಲೂ ಅವಳ ಹಿಂದೆ ಓಡಿತು, ಮತ್ತೆ ತಡೆಯಿತು, ಮತ್ತೆ ಓಡಿತು. ಹಾಡು ಮುಗಿದಾಗ ಅಂಚು ಇನ್ನೂ ಮೊಳಕ್ಕಿಂತ ಹೆಚ್ಚು ಉಳಿದಿತ್ತು, ಹೊಲಿದಷ್ಟೂ ಸುಕ್ಕಾಗಿತ್ತು. ಅತ್ತಿಗೆ ಸುಕ್ಕಿನ ಮೇಲೆ ಅಂಗೈ ಇಟ್ಟು ಮುಚ್ಚಿದರು.

“ಚೆನ್ನಾಗಿದೆ ರೀ. ಈಗ ಸರಿಯಾಯ್ತು” ಎಂದರು.

ಅಣ್ಣ ಹೊರಟ ಮೇಲೆ ಪ್ಲೇಯರಿಗೆ ಹೊದಿಕೆ ಹೊದಿಸಿದರು. ಆಮೇಲೆ ಮನೆಯಲ್ಲಿ ಹಾಡೇ ಇಲ್ಲ. ಸುಕ್ಕುಗಟ್ಟಿದ ಅಂಚುಗಳನ್ನು ಬಿಚ್ಚುವುದು, ಮತ್ತೆ ಹೊಲಿಯುವುದು, ಮತ್ತೆ ಬಿಚ್ಚುವುದು. ನನಗೆ ತಡೆಯಲಾಗಲಿಲ್ಲ. ಅಣ್ಣನನ್ನು ಅಡುಗೆಮನೆಗೆ ಕರೆದು ತರಾಟೆಗೆ ತೆಗೆದುಕೊಂಡೆ.

“ನೀನು ರಿಪೇರಿ ಮಾಡಿದ್ದಲ್ಲ, ಅವರ ಹಾಡನ್ನ ಕೊಂದೆ. ಹಳೇ ಬೆಲ್ಟು ಎಲ್ಲಿ?”

“ಕೀಳುವಾಗಲೇ ತುಂಡಾಯ್ತಲ್ಲ” ಎಂದ. ಪಾಪ, ಮುಖ ಸಣ್ಣದಾಯಿತು. ಆಮೇಲೆ ತಾನೇ ಹೋಗಿ ಪ್ಲೇಯರಿನ ತಿರುಗುವ ತಟ್ಟೆಗೆ ಬೆರಳು ಒತ್ತಿ ಹಿಡಿದು ಹಾಡು ಹಾಕಿದ. ಹುಡುಗಿ ಕುಡಿದವಳ ಹಾಗೆ ತೊದಲಿದಳು. ಅತ್ತಿಗೆಗೆ ನಗು ಬಂತು, ಆಮೇಲೆ ಅಳು ಬಂತು.

“ಬಿಡಿ ರೀ. ಇಲ್ಲದೇ ಇದ್ದ ಮನುಷ್ಯನ್ನ ಇದ್ದಾನೆ ಅಂದ್ಕೊಂಡಿದ್ದು ನಂದೇ ದಡ್ಡತನ” ಎಂದರು.

ಅತ್ತಿಗೆ ಹಾಡು ಕೇಳುವುದನ್ನೇ ಬಿಟ್ಟುಬಿಡುತ್ತಾರೆ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಅವರಿಗೆಂದು ಈ ಮನೆಯಲ್ಲಿ ಇದ್ದದ್ದೇ ಅದೊಂದು.

ಶುಕ್ರವಾರ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿತು. ತಡವರಿಕೆ ಇಲ್ಲದ ಸದ್ದು. ಅದರ ಜೊತೆಗೆ ದೊಡ್ಡಪ್ಪನ ಹಾಡು, ಅದೇ ನಿಧಾನ, ಅದೇ ಇಳಿದನಿ. ಬಾಗಿಲ ಸಂದಿಯಿಂದ ನೋಡಿದರೆ ಪ್ಲೇಯರ್ ಹೊದಿಕೆಯೊಳಗೇ ಇತ್ತು. ಹಾಡುತ್ತಿದ್ದದ್ದು ಅತ್ತಿಗೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಮಾತುಗಳು ಅರ್ಧ ಮೂಗಿನಿಂದ ಬರುತ್ತಿದ್ದವು. ಕೊನೆಯ ಸಾಲು ಇಳಿಯಿತು, ಅಂಚು ಮುಗಿಯಿತು, ಕತ್ತರಿ ದಾರ ಕತ್ತರಿಸಿತು. ನಾನು ಒಳಗೆ ಹೋಗಿ ಅಂಚಿನ ಮೇಲೆ ಕೈಯಾಡಿಸಿದೆ. ಒಂದು ಸುಕ್ಕಿಲ್ಲ.

“ಅತ್ತಿಗೆ, ನಾಳೆ ಶನಿವಾರ” ಎಂದೆ.

“ನಾನ್ಯಾಕೆ ಬರ್ಲಿ? ಈಗ ನಾನು ಏನೂ ಕೇಳ್ತಿಲ್ಲ.”

“ಈಗ ಕೇಳ್ತಿದ್ದಿದ್ದೇನು ಮತ್ತೆ?”

ಅತ್ತಿಗೆ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಮರುದಿನ ಸಂಜೆ ನನಗಿಂತ ಮೊದಲೇ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ರೆಕಾರ್ಡನ್ನು ಮುಟ್ಟಲಿಲ್ಲ. ಹೇಳದೆ ಕೇಳದೆ ನಾನೇ ಅದನ್ನು ನನ್ನ ಚೀಲಕ್ಕೆ ಸೇರಿಸಿಕೊಂಡೆ.

ಎಲ್ಲರೂ ಕೇಳಿಸಿಯಾದ ಮೇಲೆ ಯಜಮಾನರು ಅತ್ತಿಗೆಯ ಕಡೆ ತಿರುಗಿ, “ನೀವೇನಮ್ಮಾ ಕೇಳ್ತಿದ್ದೀರಿ ಈಗ? ರೆಕಾರ್ಡ್ ಕೊಡಿ” ಎಂದು ಕೈ ಚಾಚಿದರು.

“ರೆಕಾರ್ಡಲ್ಲಿ ಇಲ್ಲ” ಎಂದರು ಅತ್ತಿಗೆ. “ಮಷೀನು ಸರಿಹೋದ ಮೇಲೆ ಎಲ್ಲೂ ಇಲ್ಲ. ನನ್ನ ಕಿವಿಯಲ್ಲಿ ಮಾತ್ರ ಇದೆ. ಅದನ್ನೇ ಕೇಳಿಸ್ತೀನಿ. ತಪ್ಪು ಹಾಡೇ. ನಗೋದಿದ್ರೆ ಮುಗಿದ ಮೇಲೆ ನಕ್ಕುಬಿಡಿ.”

ಅತ್ತಿಗೆ ಒಬ್ಬರ ಮುಖ ನೋಡಿ ಹಾಗೆ ಹೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಖುಷಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಹಾಡಲು ಶುರು ಮಾಡಿದರು. ಮೊದಲ ಸಾಲು ಸ್ವಲ್ಪ ಅದುರಿತು. ಆಮೇಲೆ ಅವರ ಬಲಗಾಲು ತಾನಾಗಿಯೇ ನೆಲವನ್ನು ತುಳಿಯತೊಡಗಿತು, ದನಿ ಹದಕ್ಕೆ ಬಂತು. ತುಂಬಿದ ದನಿ. ಒಂದು ಮಾತು ಹೇಳಿ, ಅದು ಕೇಳುವವರ ಮನಸ್ಸಿಗೆ ಹೋಗಿ ಕೂತ ಮೇಲೆ ಮುಂದಿನ ಮಾತು. ಇಷ್ಟು ವರ್ಷ ಪಕ್ಕದ ಕೋಣೆಯಲ್ಲೇ ಇದ್ದು ಆ ಹಾಡಿನಲ್ಲಿ ಅಷ್ಟು ನೋವಿದೆ, ನೋವಿನ ಆಚೆ ಅಷ್ಟು ಧೈರ್ಯವಿದೆ ಎಂದು ನನಗೆ ತಿಳಿದಿರಲಿಲ್ಲ. ಡ್ರೈವರ್ ಮಾವ ಚಹಾದ ಲೋಟವನ್ನು ಕೆಳಗಿಡುವುದನ್ನೇ ಮರೆತರು. ನರ್ಸಕ್ಕ ಅತ್ತೇಬಿಟ್ಟರು, ಮರೆಮಾಡಲೂ ಇಲ್ಲ.

ಮುಗಿದಾಗ ಯಾರೂ ನಗಲಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, “ರೆಕಾರ್ಡು ಇದ್ದಿದ್ರೆ ಒಮ್ಮೆ ಹೋಲಿಸಿ ನೋಡಬಹುದಿತ್ತು” ಎಂದರು. ಅವರ ಸ್ವಭಾವವೇ ಹಾಗೆ, ಯಾವುದನ್ನೂ ಅಳೆಯದೆ ಬಿಡುವವರಲ್ಲ. ನಾನು ಚೀಲದಿಂದ ತೆಗೆದು ಕೊಟ್ಟೆ. ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು.

ಹುಡುಗಿ ಹಾಡಿದಳು. ಒಂದು ಸಾಲು, ಎರಡು ಸಾಲು. ಮೂರನೆಯದರ ನಡುವೆ ಯಜಮಾನರೇ ಮುಳ್ಳನ್ನು ಎತ್ತಿಬಿಟ್ಟರು.

“ಇಲ್ಲ” ಎಂದು ತಲೆಯಾಡಿಸಿದರು. “ಈ ಹುಡುಗಿಗೆ ಇನ್ನೂ ಹಾಡು ಅರ್ಥ ಆಗಿಲ್ಲ. ಅಮ್ಮಾ, ತಪ್ಪು ಹಾಡು ಅಂತ ಅಂದೆನಲ್ಲ, ತಪ್ಪು ನಂದು. ದಯವಿಟ್ಟು ಇನ್ನೊಂದ್ಸಲ ಹಾಡಿ.”

“ಅವಳನ್ನ ಏನೂ ಅನ್ಬೇಡಿ” ಎಂದರು ಅತ್ತಿಗೆ. “ನನಗೆ ಹೇಳಿಕೊಟ್ಟವಳು ಅವಳೇ.”

ಹಾಗೆಂದವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದರು. ಈ ಸಲ ಇಡೀ ಬೀದಿಗೆ ಕೇಳುವ ಹಾಗೆ.