ದೋಣಿಗೆ ಬಾಗಿಲು

ಖಂಡೆಪ್ಪನ ಹಾಯಿದೋಣಿಯ ಮೇಲುಹಲಗೆಯಲ್ಲಿ ಎರಡು ಕಿಂಡಿಗಳಿದ್ದವು. ತಳದಲ್ಲಿ ಸೋರಿ ನಿಂತ ನೀರನ್ನು ಡಬ್ಬಿಯಿಂದ ಎತ್ತಿ ಹೊಳೆಗೆ ಚೆಲ್ಲುವುದು ಅಲ್ಲಿಂದಲೇ. ಅವುಗಳ ಮುಚ್ಚಳ ಕೊಳೆತು, ಎಪ್ಪತ್ನಾಲ್ಕರ ಸುಗ್ಗಿಯಲ್ಲಿ ಮುದ್ದೇಬಿಹಾಳ ಸಂತೆಗೆ ಹೊರಟ ಆಡೊಂದು ಒಳಗೆ ಬಿತ್ತು. ಆಡಿಗೆ ಏನೂ ಆಗಲಿಲ್ಲ. ಆಡಿನ ಧಣಿ ಮಾತ್ರ ಮುದ್ದೇಬಿಹಾಳದ ಕಚೇರಿಗೆ ಅರ್ಜಿ ಕೊಟ್ಟ. ಸೋಮವಾರದೊಳಗೆ ದುರಸ್ತಿಯಾಗಿ ಓವರ್‌ಸೀಯರ್ ಸಹಿ ಬೀಳದಿದ್ದರೆ ಹೊಳೆ ದಾಟಿಸುವ ಪರವಾನಗಿ ಬೇರೆಯವರಿಗೆ ಎಂದು ಹುಕುಂ ಬಂತು. ಖಂಡೆಪ್ಪನಿಗೆ ಹೊಲವಿಲ್ಲ, ಬೇರೆ ಕಸುಬೂ ಗೊತ್ತಿಲ್ಲ.

ಹುಕುಮಿನಲ್ಲಿ 'ಎರಡು ಬಾಗಿಲು, ಚೌಕಟ್ಟು, ಕೊಂಡಿ, ಕೀಲಿ ಸಹಿತ' ಎಂದಿತ್ತು. ಕುರ್ಚಿಯಲ್ಲಿ ಕೂತು ಬರೆಯುವವರಿಗೆ ತೆರೆದು ಮುಚ್ಚುವುದೆಲ್ಲ ಬಾಗಿಲೇ.

ಓವರ್‌ಸೀಯರ್ ಪಂಢರಿನಾಥರಾಯರು ಮನಗೂಳಿಯಿಂದ ಪರಪ್ಪ ಬಡಿಗನನ್ನು ಕರೆತಂದರು. ಕಾಳಿನ ಕೋಣೆಗೆ ಇಲಿ ನುಗ್ಗದಂಥ ಬಾಗಿಲು ಮಾಡುವುದರಲ್ಲಿ ಅವನು ಹೆಸರುವಾಸಿ. ದೋಣಿಯನ್ನು ಮಾತ್ರ ಅಂದೇ ಮೊದಲು ನೋಡಿದ್ದು.

"ಪರಪ್ಪಣ್ಣ, ಇದಕ್ಕ ಬಾಗಲಾ ಬ್ಯಾಡೋ," ಎಂದ ಖಂಡೆಪ್ಪ. "ಮ್ಯಾಲಿಂದ ಸಡಲ ಕೂಡೂ ಮುಚ್ಚಳ ಸಾಕು. ಹಗ್ಗ ಜಗ್ಗಿದ್ರ ಕೈಗೆ ಬರಬೇಕು."

"ಸಡಲ ಕೂಡೂದು ನನ್ನ ಕೈಯಾಗ ಆಗೂದಿಲ್ಲಪ. ಒಂದ ಇರುವಿ ಒಳಗ ಹೋದ್ರ ಉಳಿ ಹೊಳಿಗೆ ಒಗಿತೇನಿ."

"ಕಾಗದದಾಗ ಬಾಗಲಾ ಅಂತ ಅದ," ಎಂದರು ರಾಯರು. "ಕಾಗದ ಬಿಟ್ಟು ನನಗ ಒಂದು ಮೊಳಿ ಹೊಡಸಲಿಕ್ಕೂ ಬರೂದಿಲ್ಲ."

ಮೂರು ದಿನದಲ್ಲಿ ಬಾಗಿಲು ಸಿದ್ಧವಾದವು. ಕಿಂಡಿಯ ಸುತ್ತ ಎತ್ತರದ ಹೊಸ್ತಿಲು, ಅದರ ಮೇಲೆ ಕೆತ್ತಿದ ಹೂಬಳ್ಳಿ. ಖಂಡೆಪ್ಪನ ಹೆಂಡತಿ ರುಕ್ಮವ್ವ ಹೊಸ್ತಿಲು ಅಂದ ಮೇಲೆ ಬಿಡಲಾಗದೆ ಅರಿಷಿಣ ಕುಂಕುಮ ಹಚ್ಚಿದಳು. ರಾಯರು ಕೀಲಿ ಹಾಕಿಸಿ, ಸರಕಾರಿ ಸಾಮಾನೆಂದು ಕೀಲಿಕೈಯನ್ನು ಕಚೇರಿಯ ಮೊಳೆಗೆ ತೂಗುಹಾಕಿದರು.

ಸೋಮವಾರ, ಸಹಿಗೆ ಮುಂಚಿನ ಪರೀಕ್ಷೆಗೆಂದು, ದೋಣಿ ನೀರಿಗಿಳಿಯಿತು. ಹೊಸ್ತಿಲು ತುಳಿಯಬಾರದೆಂದು ರಾಯರು ಧೋತರ ಎತ್ತಿ ಎರಡು ಸಲ ಜಿಗಿದು ಮುಂದೆ ಹೋಗಿ ಕೂತರು. ಪರಪ್ಪನೂ ತನ್ನ ಕೆಲಸ ನೋಡಲೆಂದು ದೋಣಿ ಹತ್ತಿದ. ವಾರವಿಡೀ ದಂಡೆಯ ಬಿಸಿಲಿಗೆ ಒಣಗಿ ಬಿರಿದ ದೋಣಿ ಮೊದಲ ದಿನ ನೀರು ಕುಡಿಯುತ್ತದೆ. ಹಲಗೆ ಉಬ್ಬಿ ಸಂದು ಮುಚ್ಚುವವರೆಗೆ ಚೆಲ್ಲುತ್ತಲೇ ಇರಬೇಕು. ಖಂಡೆಪ್ಪ ಇದನ್ನೂ ಹೇಳಿದ್ದ. ಕಾಗದದಲ್ಲಿ ಇರಲಿಲ್ಲ.

ನಡುಹೊಳೆಯಲ್ಲಿ ಕಾಲಡಿ ಗುಳುಗುಳು ಸಪ್ಪಳವಾಯಿತು. ದೋಣಿ ಭಾರವಾಗಿ ಒಂದು ಕಡೆ ವಾಲಿತು.

"ಏನದು?"

"ನೀರ್ರಿ, ರಾವಸಾಹೇಬ್ರ."

"ಮತ್ತ ಚೆಲ್ಲು!"

"ಕೀಲಿಕೈ ಕೊಡ್ರಿ."

ರಾಯರು ಅಂಗಿಯ ಕಿಸೆ ಮುಟ್ಟಿದರು, ಕೋಟಿನ ಕಿಸೆ ಮುಟ್ಟಿದರು. ಆಮೇಲೆ ಮುದ್ದೇಬಿಹಾಳದ ದಿಕ್ಕಿಗೆ ನೋಡಿದರು.

"ಒಡಿ! ಕೊಡಲಿ ತಗೊಂಡು ಒಡಿಯೋ!"

ಖಂಡೆಪ್ಪ ಕೊಡಲಿ ಹಿಡಿದುಕೊಂಡೇ ನಿಂತ. "ಸರಕಾರಿ ಬಾಗಲಾರಿ. ಕಾಗದ ಇಲ್ಲದ ಹ್ಯಾಂಗ ಒಡೀಲಿ?"

"ಮುಳಗಲಿಕ್ಕತ್ತೇವೋ!"

"ನನಗ ಈಜು ಬರತೈತ್ರಿ."

ಪರಪ್ಪ ಹಾಯಿಕಂಬ ತಬ್ಬಿಕೊಂಡು ಕೂಗಿದ: "ಬರೀರಿ ಸಾಹೇಬ್ರ, ನನಗ ಈಜು ಬರೂದಿಲ್ರಿ!"

ರಾಯರ ಅಕ್ಷರ ಅಷ್ಟು ಬೇಗ ಎಂದೂ ಓಡಿರಲಿಲ್ಲ. ಬಾಗಿಲು ತೆಗೆದು ಅಂಬಿಗ ಹೇಳಿದಂತೆ ಮುಚ್ಚಳ ಹಾಕುವುದು, ಪರವಾನಗಿ ಮುಂದುವರಿಸಿದೆ, ಸಹಿ. ಖಂಡೆಪ್ಪ ಕಾಗದ ಮಡಚಿ ರುಮಾಲಿನೊಳಗಿಟ್ಟ ಮೇಲೆಯೇ ಕೊಡಲಿ ಎತ್ತಿದ. ಕೊಂಡಿ ಹಾರಿತು, ಬಾಗಿಲು ಅಲುಗಲಿಲ್ಲ.

"ಏನ ಕೂಡಿಸಿಯೋ ಪರಪ್ಪಣ್ಣ! ಇರುವಿ ಹೋಗೂದ ದೂರ ಉಳೀತು, ಕೊಡಲೀನೂ ಹೋಗವಲ್ದು."

ಕಡೆಗೆ ಪರಪ್ಪನೇ ಕಂಬ ಬಿಟ್ಟು ತೆವಳಿ ಬಂದು, ಸಂದು ಎಲ್ಲಿದೆಯೆಂದು ತೋರಿಸಿ, ತನ್ನ ಹೂಬಳ್ಳಿಯ ಮೇಲೆ ತಾನೇ ಏಟು ಹಾಕಿದ. ಆಚೆ ದಂಡೆ ಮುಟ್ಟುವವರೆಗೆ ಮೂವರೂ ನೀರು ಚೆಲ್ಲಿದರು. ಚೆಲ್ಲುವಾಗ ರಾಯರ ಒಂದು ಕಾಲು ಹೊಸ್ತಿಲ ಮೇಲೆಯೇ ಇತ್ತು.

ಎಂಟು ದಿನ ಬಿಟ್ಟು ರಾಯರು ಮತ್ತೆ ಬಂದರು. ಸಡಿಲ ಮುಚ್ಚಳ ಕೂತಿದ್ದವು. ಮೇಲಿನ ನೀರು ಒಳಗಿಳಿಯದಂತೆ ತಡೆಯುತ್ತದೆಂದು ಹೊಸ್ತಿಲನ್ನು ಖಂಡೆಪ್ಪ ಹಾಗೇ ಉಳಿಸಿಕೊಂಡಿದ್ದ. ರುಕ್ಮವ್ವ ಚಹಾ ಕೊಟ್ಟಳು.

"ಒಡದ ಬಾಗಲಾ ಎಲ್ಲಿ ಅವ? ಕಚೇರಿಗೆ ಜಮಾ ಮಾಡಬೇಕು."

"ಚಹಾ ಕುಡೀರಿ ಸಾಹೇಬ್ರ, ಆರತೈತಿ," ಎಂದಳು ರುಕ್ಮವ್ವ. "ಅವನ್ನ ಒಲಿಗೆ ಹಾಕೇ ಈ ಚಹಾ ಕಾಸೇನಿ."