ಅಂಗೈ ಮೇಲಿನ ಕತ್ತು

ರಾಜೇಶ್ವರಮ್ಮ ರಾಗಿ ಮಣ್ಣಿಯನ್ನು ಊದಿ ಆರಿಸಿ ಮೊಮ್ಮಗನ ಬಾಯಿಗಿಡುತ್ತಿದ್ದಾಗ ಫೋನು ಬಂತು. ಮಲ್ಲುವಿಗೆ ಮೂರು ವರ್ಷ ತುಂಬಿದೆ. ಕತ್ತು ನಿಲ್ಲುವುದಿಲ್ಲ, ಕಣ್ಣು ಕಾಣುವುದಿಲ್ಲ. ತಲೆಯ ಹಿಂದೆ ಯಾರದಾದರೂ ಅಂಗೈ ಇರಲೇಬೇಕು. ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಾಕಿದಳು.

ಮಗ ಚನ್ನೇಶ್. ಎರಡನೆಯ ಕೂಸನ್ನು ನೋಡಲು ಸೊರಬಕ್ಕೆ, ಹೆಂಡತಿಯ ತವರಿಗೆ ಹೋಗಿದ್ದ.

“ಅವ್ವಾ, ಸೋಮವಾರ ಅಶ್ವಿನೀನ ಕರ್ಕೊಂಡ್ ಬರ್ತೀನಿ. ತೊಟ್ಟಿಲು ತೊಳ್ಸಿಡು.”

“ಇಷ್ಟ್ ಬೇಗನಾ? ಮೂರು ತಿಂಗ್ಳೂ ಆಗಿಲ್ಲಲ್ಲೋ.”

“ಮಲ್ಲೂನ ಬಿಟ್ಟು ಇರಕ್ಕಾಗಲ್ವಂತೆ ಅವಳಿಗೆ. ಈ ಪುಟ್ಟಿ ಕೇಳು, ಸೊರಬದೋರ ಗಂಟ್ಲೇ ಬಂದೈತೆ ಇದಕ್ಕೆ!” ನಕ್ಕ. ಕೂಸಿನ ಅಳು ಜೋರಾಯಿತು. “ಏ, ಸುಮ್ನಿರೇ! ಸುಮ್ನಿರು ಅಂದ್ನಲ್ಲ!”

ಚಮಚ ತಪ್ಪಿ ಮಣ್ಣಿ ಮಲ್ಲುವಿನ ಕೊರಳಿಗಿಳಿಯಿತು.

ಅವತ್ತೂ ಅದೇ ದನಿ. ಮಲ್ಲು ಆಗ ನಾಲ್ಕು ತಿಂಗಳ ಕೂಸು. ಅಶ್ವಿನಿ ಸ್ನಾನಕ್ಕೆ ಹೋಗಿದ್ದಳು. ಅಳು ನಿಲ್ಲಿಸದ ಕೂಸಿನ ರಟ್ಟೆಗಳನ್ನು ಹಿಡಿದು ಚನ್ನೇಶ್ ಖಾಲಿ ಚೀಲ ಕೊಡವಿದಂತೆ ಅಲುಗಿಸಿದ್ದ. ತಲೆ ಹಿಂದಕ್ಕೂ ಮುಂದಕ್ಕೂ ಬಡಿದಾಡಿತ್ತು. ಅಳು ನಿಂತಿತು. “ನೋಡವ್ವ, ಹಿಂಗ್ ಮಲಗಿಸ್ಬೇಕು” ಅಂದಿದ್ದ. ಸಂಜೆಗೆ ವಾಂತಿ, ಫಿಟ್ಸು.

ಮೆದುಳಿನಲ್ಲಿ ರಕ್ತ ಸೋರಿದೆ ಎಂದರು ಶಿವಮೊಗ್ಗದ ಡಾಕ್ಟರು. “ಯಾರಾದ್ರೂ ಮಗೂನ ಜೋರಾಗಿ ಅಲುಗಿಸಿದ್ರಾ?”

“ಎರೆಯೋ ಮುದುಕಿ, ಸಾರ್” ಎಂದ ಚನ್ನೇಶ್.

ತಿಮ್ಮಮ್ಮ ಸೊರಬದಿಂದ ಬಾಣಂತಿಯ ಜೊತೆ ಬಂದವಳು. ಕೂಸಿಗೆ ಎಣ್ಣೆ ತಿಕ್ಕಿ ಎರೆದು, ಎಲ್ಲರೂ ಮಾಡುವಂತೆ ಪಾದ ಹಿಡಿದು ತಲೆಕೆಳಗಾಗಿ ತೂಗುತ್ತಿದ್ದಳು. ಅದನ್ನೂ ಮಾಡಬಾರದು ಎಂದರು ಡಾಕ್ಟರು. ಆದರೆ ಆ ಬೆಳಿಗ್ಗೆ ಎರೆದ ಮೇಲೆ ಮಲ್ಲು ಹಾಲು ಕುಡಿದು, ಅಜ್ಜಿಯ ಮುಖ ನೋಡಿ ನಕ್ಕಿದ್ದ. ರಾಜೇಶ್ವರಮ್ಮ ಇದನ್ನು ಯಾರಿಗೂ ಹೇಳಲಿಲ್ಲ. ಸೊರಬದಲ್ಲಿ ತಿಮ್ಮಮ್ಮನನ್ನು ಆಮೇಲೆ ಯಾರೂ ಬಾಣಂತನಕ್ಕೆ ಕರೆಯಲಿಲ್ಲ. ಅಶ್ವಿನಿ ಇವತ್ತಿಗೂ ಅವಳಿಗೇ ಶಾಪ ಹಾಕುತ್ತಾಳೆ.

ಸೊಸೆ ಹೆರಿಗೆಗೆ ಹೋದ ದಿನವೇ ರಾಜೇಶ್ವರಮ್ಮ ಅವಳಿಗೊಂದು ಕಾಗದ ಬರೆದಿದ್ದಳು. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಕಳಿಸಲು ಕೈಯೂ ಬರಲಿಲ್ಲ. ಅಲುಗಿಸಿದ್ದು ತಿಮ್ಮಮ್ಮನಲ್ಲ, ನನ್ನ ಮಗ ಎಂದಷ್ಟೇ ಅದರಲ್ಲಿತ್ತು. ಫೋನು ಬಂದ ದಿನ ಸಂಜೆ ಅದನ್ನು ಸೀರೆಗಳ ನಡುವಿನಿಂದ ತೆಗೆದು, ಕೆಳಗೆ ಬರೆದಳು: ‘ಕೂಸು ಅಳುವಾಗ ಅವನ ಕೈಗೆ ಕೊಡಬೇಡ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳದೆ ಇಲ್ಲಿಗೆ ಬರಬೇಡ.’

ರಾತ್ರಿ ಒಬ್ಬನೇ ಊರಿಗೆ ಮರಳಿದ ಚನ್ನೇಶ್ ಮರುದಿನ ಮಂಡಿಗೆ ಹೋದ ಮೇಲೆ ಮಲ್ಲುವನ್ನು ಹೆಗಲಿಗೆ ಹಾಕಿಕೊಂಡು ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಬಂದಳು. ಸೊರಬದ ಬಸ್ಸಿನ ಕಂಡಕ್ಟರ್ ಹುಲಿಯಪ್ಪ ಲಕೋಟೆಯನ್ನು ಬೆಳಕಿಗೆ ಹಿಡಿದ.

“ದುಡ್ಡಿದ್ರೆ ಈಗ್ಲೇ ಹೇಳ್ಬಿಡ್ರಿ ಅಜ್ಜಿ, ಆಮೇಲೆ ನನ್ ಮೇಲೆ ಬರುತ್ತೆ.”

“ದುಡ್ಡಿಲ್ಲಪ್ಪ. ನಮ್ ಬೀಗರು, ಅಡಿಕೆ ಅಂಗಡಿ ಸದಾಶಿವಪ್ಪ ಗೊತ್ತಲ್ಲ? ಮಗಳ ಕೈಗೇ ಕೊಡ್ಬೇಕಂತೆ ಅಂತ ಹೇಳು.”

“ಒಂದ್ ಫೋನ್ ಹಾಕಿದ್ರೆ ಮುಗೀತಿತ್ತಲ್ರೀ.”

ಹುಲಿಯಪ್ಪ ಲಕೋಟೆಯನ್ನು ಚೀಲಕ್ಕೆ ತುರುಕಿ ಸೀಟಿ ಊದಿದ. ಸದ್ದು ಬಂದ ಕಡೆಗೆ ಮಲ್ಲು ತಲೆ ತಿರುಗಿಸಲು ನೋಡಿದ, ಆಗಲಿಲ್ಲ. ರಾಜೇಶ್ವರಮ್ಮ ಅಂಗೈ ಕೊಟ್ಟು ಮೆಲ್ಲಗೆ ತಿರುಗಿಸಿದಳು. ಬಸ್ಸು ಹೊರಟಿತ್ತು.